ಅಪ್ಪ ಒಲೆಯ ಮುಂದೆ ಕೂತ ವರ್ಷ

ನಮ್ಮ ಮನೆಯೊಳಗೆ ಬರುವವರು ಮೊದಲು ದನಗಳನ್ನು ದಾಟಿಕೊಂಡು ಬರಬೇಕಿತ್ತು. ತಲೆಬಾಗಿಲು ತೆರೆದರೆ ಎದುರಿಗೇ ಕೊಟ್ಟಿಗೆ. ಅದಕ್ಕೆ ಬೇರೆ ಗೋಡೆಯಿಲ್ಲ, ಬೇರೆ ಬಾಗಿಲಿಲ್ಲ. ಮೊಣಕಾಲೆತ್ತರದ ಒಂದು ಮಣ್ಣಿನ ಜಗಲಿ. ಅದರ ಮೇಲೆ ನಾವು, ಕೆಳಗೆ ಅವು. ನೆಂಟರು ಬಂದರೆ ಬಾಲದ ಏಟು ತಪ್ಪಿಸಿಕೊಂಡು, ಸೀರೆಯ ನೆರಿಗೆ ಎತ್ತಿ ಹಿಡಿದು, ಗಂಜಲ ಹರಿಯುವ ಕಾಲುವೆ ದಾಟಿ ಜಗಲಿ ಹತ್ತಬೇಕು. ಜಗಲಿಯ ಒಂದು ಮೂಲೆಯಲ್ಲಿ ಅಜ್ಜಿಯ ಹಾಸಿಗೆ, ಇನ್ನೊಂದು ಮೂಲೆಯಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ. ಮಲಗಿದರೆ ಹಸುಗಳು ಮೆಲುಕು ಹಾಕುವ ಸದ್ದು ಕಿವಿಯ ಪಕ್ಕದಲ್ಲೇ. ಮದುವೆಯಾಗಿ ಚಿಕ್ಕಬಳ್ಳಾಪುರಕ್ಕೆ ಬಂದ ಮೇಲೆ ನನಗೆ ಎಷ್ಟೋ ದಿನ ನಿದ್ದೆ ಹತ್ತಲಿಲ್ಲ. ಆ ಸದ್ದಿಲ್ಲದ್ದೇ ಕಾರಣ ಎಂದು ಗೊತ್ತಾಗುವ ಹೊತ್ತಿಗೆ ಹೊಸ ಮನೆಯೇ ಹಳತಾಗಿತ್ತು.

ಅಮ್ಮನಿಗೆ ಆ ಮನೆ ಹಿಡಿಸಿರಲಿಲ್ಲ. ಅವಳ ತವರು ಶಿಡ್ಲಘಟ್ಟ. ಅಲ್ಲಿ ಮನೆ ತುಂಬ ರೇಷ್ಮೆ ಹುಳುವಿನ ತಟ್ಟೆಗಳು. ಹುಳು ಸೊಪ್ಪು ತಿನ್ನುವ ಸದ್ದು ಮಳೆ ಹನಿದ ಹಾಗೆ ಕೇಳುತ್ತದೆ ಎನ್ನುತ್ತಿದ್ದಳು. ಮಾತಿಗೆ ಸಿಕ್ಕ ಎಲ್ಲರಿಗೂ ಅವಳು ಒಪ್ಪಿಸುತ್ತಿದ್ದ ದೂರು ಒಂದೇ.

"ಹುಳ ಸಾಕೋ ಮನೇಲಿ ಹುಟ್ದೆ, ದನ ಸಾಕೋ ಮನೆಗೆ ಬಂದೆ. ಮನುಷ್ಯರ ಮನೆ ಎಲ್ಲೈತೋ ನಾನು ಕಂಡಿಲ್ಲ ಕಣಮ್ಮ."

ಅಪ್ಪ ಅದನ್ನು ಕೇಳಿಸಿಕೊಂಡೂ ಕೇಳಿಸದವನಂತೆ ಹಸುವಿನ ಕತ್ತಿನಡಿ ಜೋಲುವ ಗಂಗೆದೊಗಲು ಸವರುತ್ತ ನಿಂತಿರುತ್ತಿದ್ದ.

ಅಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಹನ್ನೊಂದನೆಯ ದಿನದ ತಿಥಿಯಲ್ಲಿ ಊಟಕ್ಕೆ ಕೂತವರೆಲ್ಲ ಅವನ ದನಗಳನ್ನೇ ನೆನೆದರು. ನಾರೆಪ್ಪನಂಥ ದನಗಾರ ಈ ಸೀಮೆಯಲ್ಲಿ ಇರಲಿಲ್ಲ, ನಾರೆಪ್ಪ ಕೈಯಿಟ್ಟರೆ ಬಡಕಲು ಕರುವೂ ಎದ್ದು ನಿಲ್ಲುತ್ತಿತ್ತು, ಕೊನೆಯವರೆಗೂ ಹೊಲ ಬಿಟ್ಟುಕೊಡಲಿಲ್ಲ, ಹೀಗೆ. ಸುಳ್ಳೇನಲ್ಲ. ಆದರೆ ಆ ಒಂದು ವರ್ಷದ ಮಾತನ್ನು ಯಾರೂ ಎತ್ತಲಿಲ್ಲ. ಕಂಡವರು ಈಗ ಉಳಿದಿಲ್ಲ, ಉಳಿದವರಿಗೆ ಗೊತ್ತಿಲ್ಲ. ಸಾರಿನ ಬಕೆಟ್ ಹಿಡಿದು ಪಂಕ್ತಿಯಿಂದ ಪಂಕ್ತಿಗೆ ಹೋಗುತ್ತಿದ್ದ ನನಗೆ ಬಾಯಿ ತೆರೆದು ಹೇಳುವಷ್ಟು ತ್ರಾಣವೂ ಇರಲಿಲ್ಲ. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ.

ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ದಾರಿಯಿಂದ ಒಳಗೆ ಸರಿದರೆ ನಮ್ಮೂರು. ಊರಾಚೆ ಗುಡ್ಡದ ಬುಡದಲ್ಲಿ ನಮ್ಮ ಹೊಲ. ಮನೆಗೆ ಬೇಕಾದಷ್ಟು ರಾಗಿ, ಅವರೆ, ಹುರುಳಿ ಬೆಳೆದು, ಉಳಿದ ಭೂಮಿಯನ್ನೆಲ್ಲ ಅಪ್ಪ ಹುಲ್ಲಿಗೆ ಬಿಟ್ಟಿದ್ದ. ಒಳ್ಳೆಯ ನೆಲವನ್ನು ಹೀಗೆ ಬಿಡುವುದು ಸೋಮಾರಿತನ ಎಂದು ಊರಿನವರ ಅಭಿಪ್ರಾಯ. ಹುಲ್ಲೂ ಒಂದು ಬೆಳೆಯೇ ಎಂದು ಅಪ್ಪನ ವಾದ. ಅವನು ಹೊಲದಲ್ಲಿ ಬರಿಗೈಯಲ್ಲಿ ನಡೆದದ್ದನ್ನು ನಾನು ನೋಡಿಲ್ಲ. ದನ ಮೇಯುತ್ತಿದ್ದಾಗ ಒಂದೊಂದೇ ಕಲ್ಲು ಆರಿಸಿ, ಬರುವಾಗ ಬದುವಿನ ಮೇಲೆ ಇಟ್ಟು ಬರುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದನಂತೆ. ಆ ಬದು ನನ್ನ ಎದೆಯೆತ್ತರ ಬೆಳೆದಿತ್ತು.

ಮನೆಯಲ್ಲಿ ಊಟಕ್ಕೆ ಒಂದು ಕ್ರಮವಿತ್ತು. ಮೊದಲು ದನಕ್ಕೆ ಹುಲ್ಲು, ಆಮೇಲೆ ಅಜ್ಜಿಗೆ ಮುದ್ದೆ, ಆಮೇಲೆ ನನಗೆ. ಅಜ್ಜಿಗೆ ಆಗಲೇ ಕಣ್ಣು ಮಂಜಾಗಿತ್ತು. ಅವಳ ತಟ್ಟೆಯಲ್ಲಿ ಸಾರು ಎಲ್ಲಿದೆ, ಮುದ್ದೆ ಎಲ್ಲಿದೆ ಎಂದು ಅಪ್ಪನೇ ಅವಳ ಬೆರಳು ಹಿಡಿದು ತೋರಿಸಬೇಕು. ಅಷ್ಟಾದ ಮೇಲೆ ಅವನು ಕೂರುತ್ತಿದ್ದ. ಅಮ್ಮ ಕೊನೆಗೆ, ಅಡುಗೆಮನೆಯಲ್ಲಿ, ಒಬ್ಬಳೇ. ಅದು ಮಾತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಅಪ್ಪನ ಕಣ್ಣಿಗೂ. ಅವನು ಒರಟ. ಮನೆಯವರಿಗಾಗಿ ಮೈ ಮುರಿದು ದುಡಿಯುವುದು ಗೊತ್ತಿತ್ತೇ ಹೊರತು ಹತ್ತಿರ ಕೂತು ನಾಲ್ಕು ಮಾತಾಡುವುದು ಗೊತ್ತಿರಲಿಲ್ಲ. ನಾನು ಒಬ್ಬಳೇ ಮಗಳು. ನನ್ನನ್ನು "ಸರೋಜಮ್ಮ" ಎಂದು ಅವನು ಕರೆಯುವ ರೀತಿಯಲ್ಲೇ ನಾನು ಅವನ ಪ್ರೀತಿಯನ್ನು ಹುಡುಕಿಕೊಳ್ಳಬೇಕಿತ್ತು.

ನಮ್ಮಲ್ಲಿ ಒಂದು ಹೋರಿ ಇತ್ತು. ಬೂದಿ ಬಣ್ಣ, ಅದಕ್ಕೇ ಬೂದ ಎಂದು ಹೆಸರು. ಸುತ್ತಲ ಊರಿನವರು ಹಸು ಬೆದೆಗೆ ಬಂದಾಗ ಹೊಡೆದುಕೊಂಡು ಬರುತ್ತಿದ್ದುದು ಬೂದನ ಹತ್ತಿರಕ್ಕೇ. ಅಪ್ಪನ ಕೈ ಬಿಟ್ಟರೆ ಅದು ಇನ್ನೊಬ್ಬರಿಗೆ ಬಗ್ಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಪ್ಪ ಅದಕ್ಕೆ ಅಂಗಳದ ಕಲ್ಲುತೊಟ್ಟಿಯಲ್ಲಿ ನೀರು ಕುಡಿಸುತ್ತಿದ್ದ. ಊರಿಗೆ ಹೊಸದಾಗಿ ಬಂದಿದ್ದ ಟ್ರಾಕ್ಟರು ಬೀದಿಯ ತಿರುವಿನಲ್ಲಿ ಹಾರನ್ ಹೊಡೆಯಿತು. ಬೂದ ಬೆಚ್ಚಿ ಪಕ್ಕಕ್ಕೆ ಜಿಗಿಯಿತು. ಅಪ್ಪ ಅದಕ್ಕೂ ಕಲ್ಲುಕಂಬಕ್ಕೂ ನಡುವೆ ಸಿಕ್ಕಿಬಿದ್ದ. ನಾನು ಜಡೆ ಹಾಕಿಸಿಕೊಳ್ಳುತ್ತ ಬಾಗಿಲಲ್ಲಿ ಕೂತಿದ್ದೆ. ಒಣ ಕೊಂಬೆ ಮುರಿದಂಥ ಒಂದು ಸದ್ದು ಕೇಳಿತು, ಅಷ್ಟೆ. ಅಮ್ಮ ನನ್ನ ಜಡೆ ಬಿಟ್ಟು ಓಡಿದಳು. ಅಪ್ಪ ನೆಲದ ಮೇಲೆ ಬಿದ್ದುಕೊಂಡೇ ಕೈ ಎತ್ತಿ ತೋರಿಸುತ್ತಿದ್ದ.

"ಮೊದ್ಲು ಅದನ್ನ ಕಟ್ಟಾಕ್ರೋ. ರಸ್ತೆಗೆ ಹೋಗ್ಬಿಡ್ತದೆ. ಅದು ಬೇಕಂತ ಮಾಡಿದ್ದಲ್ಲ."

ಹೊರಸಿನ ಮೇಲೆ ಮಲಗಿಸಿ ಎತ್ತಿನ ಗಾಡಿಯಲ್ಲಿ ಚಿಂತಾಮಣಿಗೆ ಕರೆದುಕೊಂಡು ಹೋದರು. ತೊಡೆಯ ಮೂಳೆ ಮುರಿದಿದೆ, ಸೊಂಟದ ಕೀಲಿಗೂ ಏಟಾಗಿದೆ, ಮತ್ತೆ ನಡೆದರೂ ಮೊದಲಿನ ಹಾಗೆ ನಡೆಯಲಾರ ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಗೆ ಬಂದ ಮೇಲೆ ಒಳಗೆ ಮಲಗು ಎಂದರೆ ಅಪ್ಪ ಒಪ್ಪಲಿಲ್ಲ. ಜಗಲಿಯ ಅಂಚಿನಲ್ಲೇ ಹೊರಸು ಹಾಕಿಸಿಕೊಂಡ, ಕೊಟ್ಟಿಗೆ ಕಣ್ಣಿಗೆ ಬೀಳುವ ಹಾಗೆ. ಅಲ್ಲಿಂದಲೇ ಕೂಗಾಟ ಶುರುವಾಯಿತು. ಹುಲ್ಲು ಉದುರಿಸಿ ಹಾಕು, ಆ ಹಸುವಿಗೆ ನೀರು ಸಾಲದು, ಈ ಕರುವಿನ ಹಗ್ಗ ಬಿಗಿಯಾಗಿದೆ. ಅಮ್ಮ ಹಾಲು ಕರೆಯಲು ಕೂತರೆ ಹಸುಗಳು ಹಾಲು ಬಿಡುತ್ತಿರಲಿಲ್ಲ. ಅವಕ್ಕೆ ಅಪ್ಪನ ಕೈಯೇ ಬೇಕು.

"ಹಂಗಲ್ಲ ಕಣೇ! ಹೆಬ್ಬೆರಳು ಮಡಚು. ನೀನು ಹೆದ್ರುಕೊಂಡ್ರೆ ಅದೂ ಹೆದ್ರುಕೊಳ್ತದೆ."

ಒಂದು ದಿನ ಅಮ್ಮ ಗೂಟದಲ್ಲಿ ನೇತುಹಾಕಿದ್ದ ಅಪ್ಪನ ಹಳೆಯ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಅವನ ಟವಲನ್ನು ತಲೆಗೆ ಸುತ್ತಿ ಕರೆಯಲು ಕೂತಳು. ಅಂಗಿಯ ವಾಸನೆಗೆ ಹಸು ಸುಮ್ಮನೆ ನಿಂತಿತು. ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟು ನಕ್ಕರು. ಅಮ್ಮನಿಗೆ ಅವರ ಕಡೆ ತಿರುಗಿ ನೋಡಲೂ ಪುರುಸೊತ್ತಿರಲಿಲ್ಲ. ಆಮೇಲೆ ಎಷ್ಟೋ ತಿಂಗಳು ನಾನು ಅವಳನ್ನು ನೋಡಿದ್ದೇ ಆ ಅಂಗಿಯಲ್ಲಿ. ನಾನು ಶಾಲೆಗೆ ಹೋಗುವ ಮೊದಲು ಸಗಣಿ ಬಾಚುತ್ತಿದ್ದೆ. ಎಷ್ಟು ತೊಳೆದರೂ ಕೈಯ ವಾಸನೆ ಹೋಗುತ್ತಿರಲಿಲ್ಲ. ತರಗತಿಯಲ್ಲಿ ಕೂತಲ್ಲೇ ತೂಕಡಿಸಿ ಬೈಸಿಕೊಳ್ಳುತ್ತಿದ್ದೆ.

ಚಿಕ್ಕಪ್ಪ, ಅಪ್ಪನ ತಮ್ಮ, ಗೌರಿಬಿದನೂರಿನಲ್ಲಿ ಗೊಬ್ಬರದಂಗಡಿ ಇಟ್ಟಿದ್ದ. ಒಳ್ಳೆಯವನು. ಬಂದಾಗಲೆಲ್ಲ ನನಗೆ ಬನ್ನು, ಅಜ್ಜಿಗೆ ಬಾಳೆಹಣ್ಣು. ಅವತ್ತು ಅಂಗಿ ತೊಟ್ಟ ಅಮ್ಮ ಬುಟ್ಟಿ ಹೊತ್ತು ಹೋಗುವುದನ್ನು ನೋಡಿ ಅವನ ಕಣ್ಣು ತುಂಬಿತು. ಹೊರಸಿನ ಪಕ್ಕ ಕೂತು ಅಣ್ಣನಿಗೆ ಸಮಾಧಾನವಾಗಿ ಹೇಳಿದ.

"ಎಲ್ಲಾ ಮಾರ್ಬಿಡಣ ಕಣಣ್ಣ. ಹುಲ್ಲಿನ ನೆಲಕ್ಕೆ ನೀಲಗಿರಿ ಹಾಕ್ಸಣ. ನೆಟ್ಟು ಬಿಟ್ರೆ ಆಯ್ತು. ನೀರು ಬೇಡ, ಕಾಯೋದು ಬೇಡ. ಅತ್ತಿಗೆ ಮೊಕ ನೋಡು, ಹೆಂಗಾಗವ್ರೆ."

ಆಗ ನಮ್ಮ ಸುತ್ತಮುತ್ತ ಎಲ್ಲರೂ ನೀಲಗಿರಿ ಹಾಕುತ್ತಿದ್ದರು. ರಾಗಿ ಹೊಲಗಳು ಒಂದೊಂದಾಗಿ ತೋಪಾಗುತ್ತಿದ್ದವು. ಆ ಮರದ ಕೆಳಗೆ ಹುಲ್ಲು ಹುಟ್ಟುವುದಿಲ್ಲ ಎಂದು ಅಪ್ಪ ಹಿಂದೆ ಯಾರು ಕೇಳಿದರೂ ರೇಗುತ್ತಿದ್ದ. ಅವತ್ತು ರೇಗಲಿಲ್ಲ. ಕೊಟ್ಟಿಗೆಯ ಕಡೆಗೆ ಕೂಗುವುದೂ ನಿಂತುಹೋಯಿತು. ಹಾಗೆ ಕೆಲವು ದಿನ ಕಳೆದ ಮೇಲೆ, ಅಮ್ಮ ಸಗಣಿ ಬುಟ್ಟಿಯನ್ನು ತಲೆಗೇರಿಸಿಕೊಂಡ ಹೊತ್ತಿನಲ್ಲಿ, ಅವನು ಸೂರಿನ ಕಡೆ ನೋಡುತ್ತಲೇ ಹೇಳಿದ.

"ಸಾಕಾಯ್ತು ಕಣೇ. ಕೊಟ್ಬಿಡಣ. ಪಿಳ್ಳ ಹೇಳ್ದಂಗೆ ನೀಲಗಿರಿ ಹಾಕ್ಸಣ. ನಿನ್ ಕೈಲಿ ಆಗಲ್ಲ, ನಾನಿನ್ನು ಏಳಲ್ಲ."

ಪಿಳ್ಳ ಎಂದರೆ ಚಿಕ್ಕಪ್ಪ. ಅಮ್ಮ ಬುಟ್ಟಿಯನ್ನು ಕೆಳಗಿಟ್ಟಳು. ಅವಳು ಅಪ್ಪನನ್ನು ಯಾವಾಗಲೂ ನೀವು ಎನ್ನುತ್ತಿದ್ದಳು. ಅವತ್ತು ನೀನು ಎಂದಳು.

"ನನ್ ಕೈಲಿ ಆಗಲ್ಲ ಅಂತ ನಿಂಗೆ ಯಾರು ಹೇಳಿದ್ದು?"

"ನಿಂಗೆ ಮೊದ್ಲಿಂದ್ಲೂ ಇವನ್ನ ಕಂಡ್ರೆ ಆಗ್ತಿರ್ಲಿಲ್ಲ. ಈಗೇನ್ ಬಂತು?"

"ಈಗ್ಲೂ ಆಗಲ್ಲ. ಈ ವಾಸ್ನೆಗೆ ಈಗ್ಲೂ ಹೊಟ್ಟೆ ತೊಳಸ್ತದೆ. ಆದ್ರೆ ಇವನ್ನೆಲ್ಲ ಹೊಡೆದು ಕಳಿಸಿ ನೀನೇನ್ ಮಾಡ್ತೀಯಾ? ಖಾಲಿ ಗೊಂತು ನೋಡ್ಕೊಂಡು ಮಲಗಿರ್ತೀಯಾ? ವರ್ಷ ಕಳೆಯೋದ್ರೊಳಗೆ ಮಣ್ಣಾಗ್ತೀಯಾ. ಆಮೇಲೆ ನಾನೂ ಈ ಮಗೂನೂ ಯಾರ ಮೊಕ ನೋಡಣ?"

ಅಪ್ಪ ಕೈಗೆ ಸಿಕ್ಕ ಹಿತ್ತಾಳೆ ಚೊಂಬನ್ನು ಎತ್ತಿ ಬೀಸಿದ. ಅದು ಕಂಬಕ್ಕೆ ಬಡಿದು ಉರುಳಿತು. ಹಸುಗಳು ಹಗ್ಗ ಜಗ್ಗಿ ಎದ್ದುನಿಂತವು. ಅಪ್ಪ ಗೋಡೆಗೆ ಮುಖ ತಿರುಗಿಸಿದ. ಅವನ ಬೆನ್ನು ಅಲುಗುತ್ತಿತ್ತು. ಮೂಲೆಯಿಂದ ಅಜ್ಜಿ ತೆಲುಗಿನಲ್ಲಿ "ಪೋನೀಲೇ ಅಮ್ಮಾ, ಪೋನೀಲೇ", ಹೋಗಲಿ ಬಿಡು ಎನ್ನುತ್ತಿದ್ದಳು, ಯಾರಿಗೆ ಎಂದು ಅವಳಿಗೂ ಗೊತ್ತಿತ್ತೋ ಇಲ್ಲವೋ. ಅಮ್ಮ ಚೊಂಬು ಎತ್ತಿಕೊಂಡು, ತೊಳೆದು, ನೀರು ತುಂಬಿಸಿ ಅಪ್ಪನ ತಲೆಯ ಹತ್ತಿರ ಇಟ್ಟಳು. ಮತ್ತೆ ಬುಟ್ಟಿ ಎತ್ತಿ ತಿಪ್ಪೆಯ ಕಡೆ ನಡೆದಳು.

ಅಷ್ಟರಲ್ಲಿ ಚಿಕ್ಕಪ್ಪ ದನದ ವ್ಯಾಪಾರಿಗೆ ಹೇಳಿಕಳಿಸಿಬಿಟ್ಟಿದ್ದ. ಬಾಷಾ ಸಾಬರು ಮುರುಗಮಲ್ಲದ ಕಡೆಯವರು, ಅಪ್ಪನಿಗೆ ಬಹಳ ಹಳೆಯ ಪರಿಚಯ. ಬಂದು ಜಗಲಿಯ ಅಂಚಿಗೆ ಕೂತರು. ಅಮ್ಮ ಕೊಡುವುದಿಲ್ಲ ಎಂದಳು. ಅವರು ಅಪ್ಪನ ಕಡೆ ನೋಡಿದರು. ಅಪ್ಪ ಗೋಡೆ ನೋಡುತ್ತಿದ್ದ. ಸಾಬರು ಮತ್ತೆ ಅಮ್ಮನ ಕಡೆ ತಿರುಗಿದರು.

"ಹಸು ಇರ್ಲಿ ಬಿಡಮ್ಮ. ಹೋರಿನಾದ್ರೂ ಕೊಡು. ಅದು ಗಂಡಸ್ರ ಕೈಗೇ ನಿಲ್ಲಲ್ಲ."

ಅಪ್ಪ ಬಿದ್ದ ದಿನದಿಂದ ಬೂದನನ್ನು ಹಿತ್ತಿಲ ಹುಣಸೆಮರಕ್ಕೆ ಕಟ್ಟಿದ್ದರು. ದೂರದಿಂದ ಹುಲ್ಲು ಎಸೆಯುವುದು, ನೀರಿನ ಬಾನಿಯನ್ನು ಕೋಲಿನಿಂದ ತಳ್ಳುವುದು. ಹತ್ತಿರ ಹೋದವರು ಯಾರೂ ಇಲ್ಲ. ಅಮ್ಮ ಹಿತ್ತಿಲಿಗೆ ಹೋಗಿ ನೀರು ಕುಡಿಸಲೆಂದು ಅದರ ಹಗ್ಗ ಬಿಚ್ಚಿದಳು. ಬೂದ ತಲೆ ಕೊಡವಿ ಒಮ್ಮೆಲೇ ತೊಟ್ಟಿಯ ಕಡೆ ಹೊರಟಿತು. ಅಮ್ಮ ಮುಗ್ಗರಿಸಿ ಬಿದ್ದಳು. ಹಗ್ಗ ಬಿಡಲಿಲ್ಲ. ಅಂಗಳದ ಮಣ್ಣಿನಲ್ಲಿ ಅವಳನ್ನು ಎಳೆದುಕೊಂಡೇ ಅದು ತೊಟ್ಟಿ ಮುಟ್ಟಿತು. ಮೊಣಕೈಯ ಚರ್ಮ ಕಿತ್ತುಬಂದಿತ್ತು. ನಾನು ಕಿರುಚಿದೆ. ಬಾಷಾ ಸಾಬರು ಓಡಿಬಂದವರು ಹಗ್ಗ ಕಿತ್ತುಕೊಳ್ಳಲಿಲ್ಲ. ಒಂದು ಮಾರು ದೂರದಲ್ಲಿ ನಿಂತು ಮೆಲ್ಲಗೆ ಹೇಳತೊಡಗಿದರು.

"ಏಳಮ್ಮ, ನಿಧಾನ. ಹಗ್ಗ ಉದ್ದ ಬಿಡ್ಬೇಡ, ಮೂಗಿನ ಹತ್ರ ಹಿಡಿ. ಮುಂದೆ ಹೋಗ್ಬೇಡ, ಪಕ್ಕದಲ್ಲೇ ನಡಿ. ಹಾಂ, ಹಂಗೆ. ಅದಕ್ಕೂ ಭಯ ಇರ್ತದೆ."

ಬೂದ ನೀರು ಕುಡಿಯಿತು. ಅಮ್ಮ ಅದರ ಪಕ್ಕದಲ್ಲಿ, ಅವರು ಇನ್ನೊಂದು ಪಕ್ಕದಲ್ಲಿ, ಹಾಗೇ ನಡೆಸಿಕೊಂಡು ಹೋಗಿ ಮತ್ತೆ ಮರಕ್ಕೆ ಕಟ್ಟಿದರು. ಸಾಬರು ಕೈ ತೊಳೆದು ಜಗಲಿಗೆ ಬಂದು ಅಪ್ಪನ ಕಾಲಬುಡದಲ್ಲಿ ಕೂತರು.

"ನಾರೆಪ್ಪಣ್ಣ, ವ್ಯಾಪಾರ ಆಗ್ಲಿಲ್ಲ. ಟೀನಾದ್ರೂ ಕುಡಿಸಪ್ಪ."

ಅಪ್ಪ ನಿಧಾನವಾಗಿ ಈ ಕಡೆ ಹೊರಳಿದ. ಅಂಗಳದಲ್ಲಿ ಮೊಣಕೈಗೆ ಅರಿಶಿನ ಮೆತ್ತಿಕೊಳ್ಳುತ್ತಿದ್ದ ಅಮ್ಮನನ್ನು ಬಹಳ ಹೊತ್ತು ನೋಡಿದ. ಆಮೇಲೆ "ಸರೋಜಮ್ಮ, ಟೀಗೆ ನೀರಿಡಮ್ಮ" ಎಂದ.

ಅಮ್ಮ ಈಗ ದನದ ಹಿಂದೆ ಹೊಲಕ್ಕೆ ಹೋದರೆ ಬರುವುದು ಹೊತ್ತು ಮುಳುಗುವಾಗ. ಅಡುಗೆಗೆ ಆಳಿಲ್ಲ. ಒಂದು ಸಂಜೆ ಅಜ್ಜಿ ತಡವರಿಸಿಕೊಂಡು ಒಲೆ ಹಚ್ಚಲು ಹೋಗಿ ಸೆರಗಿಗೆ ಬೆಂಕಿ ತಗುಲಿಸಿಕೊಂಡಳು. ನಾನು ನೀರು ಎರಚಿ ಆರಿಸಿದೆ. ಅಪ್ಪ ಹೊರಸಿನ ಮೇಲಿಂದ ಅದನ್ನು ನೋಡಿದ, ಏನೂ ಮಾಡಲಾಗದೆ. ಮರುದಿನ ಶಾಲೆಯಿಂದ ಬಂದರೆ ಹೊರಸು ಖಾಲಿ. ಅವನು ಕುಂಡಿಯ ಮೇಲೆ ಕೂತು, ಕೈಯೂರಿ, ಜಗಲಿಯುದ್ದಕ್ಕೂ ತೆವಳಿಕೊಂಡು ಹೋಗಿ ಒಲೆಯ ಮುಂದೆ ಕೂತಿದ್ದ. ಮುರಿದ ಕಾಲನ್ನು ಪಕ್ಕಕ್ಕೆ ಚಾಚಿ, ಎಸರು ಕುದಿಯುವುದನ್ನೇ ನೋಡುತ್ತಿದ್ದ. ಮುಖದ ತುಂಬ ಬೆವರು. ಮೊದಲ ಮುದ್ದೆ ಬರೀ ಗಂಟು. ಅಜ್ಜಿ ಅದನ್ನು ಬೆರಳಿನಿಂದ ಒತ್ತಿ ನೋಡಿ ಕೇಳಿದಳು.

"ಇದಿ ಮುದ್ದನಾ, ರಾಯಿನಾ?"

ಇದು ಮುದ್ದೆಯೋ ಕಲ್ಲೋ ಎಂದು. ಆ ಮನೆಯಲ್ಲಿ ಎಷ್ಟೋ ದಿನಗಳ ಮೇಲೆ ನಾವು ನಕ್ಕಿದ್ದು ಅವತ್ತು. ಊರಿನ ಗಂಡಸರೂ ನಕ್ಕರು, ಬೇರೆ ರೀತಿಯಲ್ಲಿ. ಮೀಸೆ ಹೊತ್ತವನು ಸೌಟು ಹಿಡಿದ ಎಂದು ಟೀ ಅಂಗಡಿಯಲ್ಲಿ ಆಡಿಕೊಂಡದ್ದು ನಮ್ಮ ಕಿವಿಗೂ ಬಿತ್ತು. ಅಪ್ಪ ಆ ಅಂಗಡಿಯ ಮುಂದೆ ನಡೆದು ಹೋಗುವಂತಿರಲಿಲ್ಲ, ಅದೊಂದು ಅನುಕೂಲ. ಬರಬರುತ್ತ ಮುದ್ದೆ ನುಣ್ಣಗಾಯಿತು. ಹುರುಳಿಕಟ್ಟಿನ ಸಾರು ಅಮ್ಮನಿಗಿಂತ ಅವನೇ ಚೆನ್ನಾಗಿ ಮಾಡುತ್ತಿದ್ದ. ಒಲೆಯ ಮುಂದೆ ಕೂತ ಮೇಲೆ ಅವನಿಗೆ ಇನ್ನೊಂದು ಸಂಗತಿ ಕಂಡಿತು: ಅಮ್ಮ ಯಾವಾಗ ಉಣ್ಣುತ್ತಾಳೆ, ಪಾತ್ರೆಯಲ್ಲಿ ಅವಳಿಗೆ ಏನು ಉಳಿಯುತ್ತದೆ ಎಂಬುದು. ಅಮ್ಮನ ಪಾಲನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದು ಮುಚ್ಚಿಡತೊಡಗಿದ.

ರಜೆಯ ದಿನಗಳಲ್ಲಿ ನಾನು ಅಮ್ಮನ ಜೊತೆ ಹೊಲಕ್ಕೆ ಹೋಗುತ್ತಿದ್ದೆ. ಬಂದ ಕೂಡಲೇ ಅಪ್ಪನಿಗೆ ವರದಿ ಬೇಕು. ಹುಲ್ಲು ಎಲ್ಲಿಯವರೆಗೆ ಬಂದಿದೆ ಎಂದು ನನ್ನ ಕಾಲಿನ ಮೇಲೆ ಕೈಯಿಟ್ಟು ತೋರಿಸಬೇಕು. ಹಿಮ್ಮಡಿಯೋ, ಮೀನಖಂಡವೋ, ಮೊಣಕಾಲೋ. ಗುಡ್ಡದ ಕಡೆ ಎಷ್ಟು, ಹಳ್ಳದ ಕಡೆ ಎಷ್ಟು. ಬದುವಿನ ಕಲ್ಲು ಎಲ್ಲಾದರೂ ಜರುಗಿದೆಯೇ. ಗೊತ್ತಿಲ್ಲ ಎಂದರೆ ಬೈಯುತ್ತಿರಲಿಲ್ಲ, ಮುಖ ಸಣ್ಣದಾಗುತ್ತಿತ್ತು. ಅದಕ್ಕಾಗಿ ನಾನು ನೋಡುವುದನ್ನು ಕಲಿತೆ. ಮುಂದೆ ಮೇಷ್ಟರ ಕೆಲಸದಲ್ಲಿ ಇಡೀ ಜೀವಮಾನ ಕಳೆದೆ. ಮಕ್ಕಳ ಮುಖ ನೋಡಿ ಉಂಡಿದ್ದಾರೋ ಇಲ್ಲವೋ ಹೇಳಬಲ್ಲವಳಾಗಿದ್ದೆ. ಅದು ಆ ವರ್ಷದ ಗಳಿಕೆ. ಇನ್ನೊಂದನ್ನೂ ಅಲ್ಲಿಂದಲೇ ತಂದೆ. ಸುಸ್ತಾಗಿದೆ ಎಂದು ನಾನು ಇವತ್ತಿಗೂ ಬಾಯಿಬಿಟ್ಟು ಹೇಳಲಾರೆ. ಅದು ಗುಣವೋ ಕಾಯಿಲೆಯೋ, ಈ ವಯಸ್ಸಿನಲ್ಲೂ ತಿಳಿಯುತ್ತಿಲ್ಲ.

ಉಳಿದದ್ದನ್ನು ಬೇಗ ಹೇಳಬಹುದು. ಅಪ್ಪ ಕೋಲೂರಿ ನಡೆದ, ಹೊಲಕ್ಕೂ ಹೋದ, ಹಾಲನ್ನೂ ಕರೆದ. ಆದರೆ ಓಡುವ ದನದ ಹಿಂದೆ ಹೋಗಲು ಆ ಕಾಲು ಬಿಡಲಿಲ್ಲ. ಬೂದ ನಮ್ಮ ಹಿತ್ತಿಲಲ್ಲೇ ಮುದಿಯಾಗಿ ಸತ್ತಿತು. ಸುತ್ತ ತೋಪುಗಳು ಬೆಳೆದವು, ಕಡಿದರು, ಮತ್ತೆ ಚಿಗುರಿದವು. ನಮ್ಮ ಹೊಲ ಹುಲ್ಲಾಗಿಯೇ ಉಳಿಯಿತು. ಅಮ್ಮ ಅಪ್ಪನಿಗಿಂತ ಮೊದಲು ಹೋದಳು, ಬೆಳಗಿನ ಹಾಲು ಕರೆದಿಟ್ಟು, ಸ್ವಲ್ಪ ಮಲಗುತ್ತೇನೆ ಎಂದು ಹೇಳಿ. ಅಪ್ಪ ಆಮೇಲೂ ಕೆಲವು ವರ್ಷ ಒಂದೆರಡು ಹಸು ಇಟ್ಟುಕೊಂಡಿದ್ದ. ನಾನು ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಬರುತ್ತಿದ್ದೆ.

ಆ ವರ್ಷದ ಕೊನೆಯ ಒಂದು ಸಂಜೆ ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ. ಅವರೆಕಾಯಿಯ ಕಾಲ, ಚಳಿ. ಆಗಷ್ಟೇ ಕೋಲು ಹಿಡಿದು ನಿಲ್ಲತೊಡಗಿದ್ದ ಅಪ್ಪ ಒಲೆಯ ಮುಂದೆ ಕೂತು ನೆನೆದ ಅವರೆಕಾಳನ್ನು ಹಿತುಕುತ್ತಿದ್ದ, ನಾನು ಸಿಪ್ಪೆ ಆಯುತ್ತಿದ್ದೆ. ಪಕ್ಕದ ಊರಿನ ಇಬ್ಬರು ಹಸು ಹೊಡೆದುಕೊಂಡು ಬಂದು ಬಾಗಿಲಲ್ಲಿ ನಿಂತರು.

"ಹಸು ಬೆದೆಗೆ ಬಂದೈತೆ. ಹೋರಿ ವಿಷ್ಯ ಮಾತಾಡ್ಬೇಕಿತ್ತು. ಯಜಮಾನ್ರು ಅವ್ರಾ?"

ಅಪ್ಪ ಕಾಳಿನಿಂದ ಕಣ್ಣು ತೆಗೆಯಲಿಲ್ಲ.

"ಯಜಮಾನ್ರು ಹೊಲದ ತಾವ ಅವ್ರೆ. ಇನ್ನೇನು ಬರೋ ಹೊತ್ತು. ಕೂತ್ಕಳಿ."

ಅವರಲ್ಲೊಬ್ಬ ಅಪ್ಪನ ಗುರುತು ಹಿಡಿದು, ತಮಾಷೆ ಎಂದುಕೊಂಡು ನಕ್ಕ. ಅಪ್ಪ ನಗಲಿಲ್ಲ. ಅವನ ನಗು ಅಲ್ಲೇ ನಿಂತಿತು. ಇಬ್ಬರೂ ಜಗಲಿಯ ಅಂಚಿಗೆ ಕೂತರು. ಸ್ವಲ್ಪ ಹೊತ್ತಿಗೆ ಗಂಟೆಯ ಸದ್ದು ಕೇಳಿತು. ದನಗಳು ಒಂದೊಂದಾಗಿ ಒಳಗೆ ನುಗ್ಗಿ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು. ಹಿಂದೆ ಅಮ್ಮ. ಮುಖ, ಹುಬ್ಬು, ಅಂಗಿ ಎಲ್ಲ ಧೂಳು. ಕೂತಿದ್ದವರು ತಾವೇ ಎದ್ದು ನಿಂತರು. ಬಂದ ಕಾರಣವನ್ನು ಅಮ್ಮನಿಗೇ ಹೇಳಿದರು.

"ಹಸುನ ಹಿತ್ಲಲ್ಲಿ ಕಟ್ಟಿರಿ, ಬರ್ತೀನಿ," ಎಂದಳು ಅಮ್ಮ. ಎಲ್ಲ ಹಗ್ಗಗಳನ್ನೂ ಗೂಟಕ್ಕೆ ಸಿಕ್ಕಿಸಿ ಜಗಲಿ ಹತ್ತಿದವಳು ಗೋಡೆಗೆ ಒರಗಿ ಕೂತಳು. ಕೂತ ಕೂಡಲೇ ಕಣ್ಣು ಮುಚ್ಚಿಕೊಂಡವು. ಅಪ್ಪ ಒಲೆಯ ಮೇಲಿದ್ದ ಬಿಸಿನೀರನ್ನು ಚೊಂಬಿಗೆ ಬಗ್ಗಿಸಿಕೊಂಡ. ಕೋಲನ್ನೂ ಚೊಂಬನ್ನೂ ಒಟ್ಟಿಗೆ ಹಿಡಿಯಲು ಬರದೆ, ಕೋಲು ಬಿಟ್ಟು, ಗೋಡೆ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಎಳೆದುಕೊಂಡು ಅವಳ ಹತ್ತಿರ ಬಂದ. ನಾನು ಎದ್ದೆ, ಬೇಡ ಎಂದು ತಲೆಯಾಡಿಸಿದ. ಅವಳ ಮುಂದೆ ಕುಸಿದು ಕೂತು ನೀರು ಹನಿಸಿದಾಗ ಅಮ್ಮ ಕಣ್ಣು ಬಿಡದೆಯೇ ಎರಡೂ ಕೈ ಮುಂದೆ ಚಾಚಿದಳು. ಕೆಂಪು ಧೂಳು ಬೆರಳ ಸಂದಿಯಿಂದ ಹರಿದು ಇಳಿಯಿತು.

"ಅವ್ರು ಕಾಯ್ತಾವ್ರೆ," ಎಂದಳು.

"ಕಾಯ್ಲಿ ಬಿಡಿ, ಯಜಮಾನ್ರೇ," ಎಂದ ಅಪ್ಪ.

ಅಮ್ಮ ಆಗಲೂ ಕಣ್ಣು ತೆರೆಯಲಿಲ್ಲ. ಆದರೆ ನಕ್ಕಳು.